ಕಲ್ಲಿನ ಮುಖ, ಹಗುರ ಮೈ

ಗೋಡೆಯನ್ನು ನೋಡುವುದಕ್ಕೂ ಒಂದು ಹೊತ್ತಿದೆ. ಬಿಸಿಲು ಎದುರಿನಿಂದ ನೇರವಾಗಿ ಬಿದ್ದಾಗ ಎಂಥ ಗೋಡೆಯೂ ಸಪ್ಪೆ. ಅದೇ ಬಿಸಿಲು ಓರೆಯಾಗಿ ಗೋಡೆಯ ಮೈ ಸವರಿಕೊಂಡು ಹೋಗುವಾಗ ನೋಡಬೇಕು. ಪೂರ್ವಕ್ಕೆ ಮುಖ ಮಾಡಿದ ಮನೆಗೆ ಆ ಹೊತ್ತು ಬರುವುದು ನಡುಹಗಲಿಗೆ ತುಸು ಮೊದಲು. ಸೂರ್ಯ ನೆತ್ತಿಗೇರುತ್ತಿದ್ದಂತೆ ಬೆಳಕು ಮೇಲಿನಿಂದ ಕೆಳಕ್ಕೆ ಜಾರುತ್ತದೆ. ಪ್ರತಿ ಕಲ್ಲಿನ ಮೇಲಂಚು ಬೆಳಗಿ, ಕೆಳಗಂಚಿನಲ್ಲಿ ನೆರಳಿನ ಒಂದು ಗೆರೆ ಮೂಡುತ್ತದೆ. ಚಳಿಗಾಲದಲ್ಲಿ ದಕ್ಷಿಣದ ಗೋಡೆಗೆ ಬೆಳಗು, ಸಂಜೆ ಎರಡೂ ಒಳ್ಳೆಯವು. ಉತ್ತರದ ಗೋಡೆಗೆ ಬಿಸಿಲೇ ಇಲ್ಲವೆಂದು ಅನೇಕರು ತಿಳಿದಿರುತ್ತಾರೆ. ಬೆಂಗಳೂರು 13 ಡಿಗ್ರಿ ಅಕ್ಷಾಂಶದ ಊರು. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ನಡುಹಗಲ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಆ ದಿನಗಳಲ್ಲಿ ಉತ್ತರದ ಗೋಡೆಯ ಮೇಲೆ ಇಳಿಯುವ ಕಡಿದಾದ ಬೆಳಕು ಒಂದು ಸಣ್ಣ ತರಿಯನ್ನೂ ಬಿಡದೆ ಎತ್ತಿ ತೋರಿಸುತ್ತದೆ.

ಇಂಥ ಬೆಳಕಿನಲ್ಲಿ ನಾನು ಮನಸಾರೆ ನೋಡಿ ಸುಖಪಟ್ಟ ಗೋಡೆಗಳಲ್ಲಿ ಅಪ್ಪಟ ಕಲ್ಲಿನವೂ ಇವೆ, ಕಲ್ಲಲ್ಲದವೂ ಇವೆ. ಎರಡನೆಯವುಗಳ ಪರವಾಗಿ ಮಾತಾಡುವವರು ಕಡಿಮೆ. ಸಿಮೆಂಟು, ಹಗುರ ಜಲ್ಲಿ, ಖನಿಜದ ಬಣ್ಣ ಕಲಸಿ ಅಚ್ಚಿಗೆ ಸುರಿದು, ಗಟ್ಟಿಯಾದ ಮೇಲೆ ಮನೆಯ ಹೊರಗೋಡೆಗೆ ಅಂಟಿಸುವ ಎರಕದ ಕಲ್ಲು ಅದು. ಅಂಗಡಿಯವರು ಕ್ಲ್ಯಾಡಿಂಗ್ ಎಂದು ಮಾರುತ್ತಾರೆ. ಮನೆಯ ಎಲಿವೇಶನ್ ಚೆನ್ನಾಗಿ ಕಾಣಲಿ ಎಂದು ಜನ ಹಾಕಿಸುತ್ತಾರೆ. ರಸಿಕರೆನಿಸಿಕೊಂಡವರು ‘ಅದು ಅಸಲಿ ಅಲ್ಲ ಬಿಡಿ’ ಎಂದು ಮುಂದೆ ಹೋಗುತ್ತಾರೆ. ಹಾಗೆ ಮುಂದೆ ಹೋಗುವವರನ್ನು ಕೈಹಿಡಿದು ನಿಲ್ಲಿಸಿ, ಸ್ವಲ್ಪ ನೋಡಿ ಎನ್ನಬೇಕೆಂಬುದು ನನ್ನ ಬಹುದಿನದ ಆಸೆ.

ಮೊದಲು ಮುಖ. ಒಳ್ಳೆಯ ಎರಕದ ಕಲ್ಲಿನ ಮುಖವನ್ನು ಯಾರೂ ಊಹಿಸಿ ಮಾಡಿರುವುದಿಲ್ಲ. ತಯಾರಿಸುವವರು ಬೆಟ್ಟದ ಬುಡದಿಂದಲೋ ಹೊಳೆಯ ಪಾತ್ರದಿಂದಲೋ ಪಾಳುಬಿದ್ದ ಗೋಡೆಯಿಂದಲೋ ನಿಜವಾದ ಕಲ್ಲುಗಳನ್ನು ಆರಿಸಿ ತಂದು, ಸಾಲಾಗಿ ಇಟ್ಟು, ಅವುಗಳ ಮೇಲೆ ದ್ರವರೂಪದ ರಬ್ಬರ್ ಸುರಿಯುತ್ತಾರೆ. ಕೂದಲೆಳೆಯಷ್ಟು ಬಿರುಕಿಗೂ ಅದು ಇಳಿಯುತ್ತದೆ. ಉಳಿಯ ಏಟು, ಪದರ ಬಿಟ್ಟ ಅಂಚು, ಮಳೆಗೆ ಸವೆದ ತಗ್ಗು, ಕಣಕಣವಾಗಿ ಎದ್ದ ತರಿ ಎಲ್ಲವೂ ಅಚ್ಚಿನ ಒಳಮೈಯಲ್ಲಿ ತಿರುಗುಮುರುಗಾಗಿ ಉಳಿಯುತ್ತವೆ. ಆ ಒಳಮೈಗೆ ಮೊದಲು ಕೈಯಿಂದ ಬಣ್ಣದ ಛಾಯೆಗಳನ್ನು ಬಳಿದು, ಮೇಲೆ ಕಲಸಿದ ಮಿಶ್ರಣ ಸುರಿದು, ಗಾಳಿಗುಳ್ಳೆ ಹೋಗಲೆಂದು ಅದುರುವ ಮೇಜಿನ ಮೇಲೆ ಇಡುತ್ತಾರೆ. ಗಟ್ಟಿಯಾದ ಮೇಲೆ ರಬ್ಬರನ್ನು ಬಾಗಿಸಿ ಬಿಲ್ಲೆಯನ್ನು ಬಿಡಿಸುವಾಗ ಸಂಕ್ರಾಂತಿಯ ಸಕ್ಕರೆ ಅಚ್ಚು ಬಿಡಿಸುವಾಗಿನ ಕಾತರವೇ ಇಲ್ಲಿಯೂ: ಅಂಚು ಮುರಿಯದೆ ಬಂದೀತೇ? ಬಂದಾಗ ಕೈಯಲ್ಲಿರುವುದು ಎಲ್ಲೋ ಒಂದು ಕಡೆ ನಿಜವಾಗಿ ಮಳೆ ಗಾಳಿಗೆ ಮೈಯೊಡ್ಡಿದ್ದ ಒಂದು ಕಲ್ಲಿನ ಮುಖ. ಮೂಲದ ಕಲ್ಲು ಅಚ್ಚಿನ ಮನೆಯಲ್ಲೇ ಉಳಿಯುತ್ತದೆ. ಅದರ ಮುಖ ಮಾತ್ರ ನೂರಾರು ಮನೆಗಳಿಗೆ ಹೋಗುತ್ತದೆ.

ಇನ್ನು ಮೈ. ಸಿಮೆಂಟು ಎಲ್ಲಿಂದ ಬಂತು? ಕಲಬುರಗಿ ಸೀಮೆಗೆ ಹೋದವರು ಶಹಾಬಾದಿನ ಕಲ್ಲನ್ನು ನೋಡಿರುತ್ತಾರೆ. ನಮ್ಮ ನಾಡಿನ ಅದೆಷ್ಟೋ ಮನೆ, ಶಾಲೆ, ರೈಲು ನಿಲ್ದಾಣಗಳ ನೆಲಕ್ಕೆ ಹಾಸಿದ ತಂಪು ಬೂದುಬಣ್ಣದ ಸುಣ್ಣಕಲ್ಲು ಅದು. ಅದೇ ಭೀಮಾ ತೀರದ ಸುಣ್ಣಕಲ್ಲಿನ ನೆಲವೇ ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳಿಗೂ ಕಚ್ಚಾವಸ್ತು. ಒಂದು ಕಡೆ ಆ ಕಲ್ಲನ್ನು ಹಾಳೆಹಾಳೆಯಾಗಿ ಎಬ್ಬಿಸಿ ನೆಲಕ್ಕೆ ಹಾಸುತ್ತಾರೆ. ಇನ್ನೊಂದು ಕಡೆ ಪುಡಿಮಾಡಿ, ಜೇಡಿಯೊಡನೆ ಸುಟ್ಟು, ಮತ್ತೆ ಅರೆದು ಚೀಲಕ್ಕೆ ತುಂಬುತ್ತಾರೆ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂಬುದು ಸಾಮಾನ್ಯ ತಿಳಿವಳಿಕೆ. ನಿಜವಾಗಿ ಅದು ನೀರಿನೊಡನೆ ಕೂಡಿ, ಒಳಗೊಳಗೇ ಹರಳು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಹಾಗಾಗಿಯೇ ಎರಕ ಮುಗಿದ ಮೇಲೂ ಬಿಲ್ಲೆಗಳಿಗೆ ನೀರುಣಿಸುತ್ತಾರೆ. ಸುಣ್ಣಕಲ್ಲು ಪುಡಿಯಾಗಿ, ಬೆಂಕಿ ಹೊಕ್ಕು, ನೀರು ಕುಡಿದು ಮರಳಿ ಕಲ್ಲಾದದ್ದು ಇದು. ಅದಕ್ಕೆ ಸೇರಿಸುವ ಜಲ್ಲಿಯೂ ಸಾಮಾನ್ಯದ್ದಲ್ಲ: ಜ್ವಾಲಾಮುಖಿಯ ನೊರೆ ಗಟ್ಟಿಯಾಗಿ ಹುಟ್ಟಿದ, ನೀರಿನ ಮೇಲೆ ತೇಲುವಷ್ಟು ಹಗುರವಾದ ಪ್ಯೂಮಿಸ್, ಇಲ್ಲವೇ ಕುಲುಮೆಯಲ್ಲಿ ಸುಟ್ಟು ಉಬ್ಬಿಸಿದ ಜೇಡಿಯ ಹರಳು.

ಬಣ್ಣದ ಬಗ್ಗೆ ನಾನು ಇನ್ನೂ ಹೆಚ್ಚು ಹೊತ್ತು ಮಾತಾಡಬಲ್ಲೆ. ಬಾದಾಮಿಯ ಬಂಡೆಗಳು ಕೆಂಪಾಗಿರುವುದು ಮರಳಿನ ಕಣಗಳಿಗೆ ಹತ್ತಿದ ಕಬ್ಬಿಣದ ಆಕ್ಸೈಡಿನಿಂದ. ಅಲ್ಲಿನ ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ. ಅಂದಿನಿಂದ ಇಂದಿನವರೆಗೆ ಬಿಸಿಲಿಗೆ ಆ ಕೆಂಪು ಸೋತಿಲ್ಲ. ಕರಾವಳಿಯ ಮುರಕಲ್ಲಿನ ಕೆಂಪು ಕಂದಿಗೂ ಅದೇ ಮೂಲ. ಮಲೆನಾಡಿನಲ್ಲೂ ಹಳೇ ಮೈಸೂರಿನಲ್ಲೂ ಅಜ್ಜಿಯರು ತೆಂಗಿನೆಣ್ಣೆ ಹಚ್ಚಿ ಉಜ್ಜಿ ಕನ್ನಡಿ ಮಾಡಿದ ರೆಡ್ ಆಕ್ಸೈಡ್ ನೆಲವೂ ಅದೇ ಕಬ್ಬಿಣದ ಕೆಂಪು. ಒಳ್ಳೆಯ ಎರಕದ ಕಲ್ಲಿಗೆ ಬೆರೆಸುವುದೂ ಇದನ್ನೇ. ಕೆಂಪು, ಹಳದಿ, ಕಪ್ಪು ಮೂರೂ ಕಬ್ಬಿಣದ ಆಕ್ಸೈಡಿನ ಬೇರೆ ಬೇರೆ ರೂಪಗಳು, ಅವುಗಳ ಬೆರಕೆಯಿಂದ ಕಂದಿನ ನೂರು ಛಾಯೆ. ಬೆಟ್ಟಕ್ಕೆ ಬಣ್ಣ ಕೊಟ್ಟ ವಸ್ತುವೇ ಬಿಲ್ಲೆಗೂ ಬಣ್ಣ ಕೊಟ್ಟಿರುವಾಗ ಆ ಬಣ್ಣವನ್ನು ಸುಳ್ಳೆನ್ನಲು ನನಗೆ ಬಾಯಿ ಬರುವುದಿಲ್ಲ. ಕಡಿಮೆ ಬೆಲೆಯವರು ಗಟ್ಟಿಯಾದ ಬಿಲ್ಲೆಯ ಮೇಲೆ ಪೇಂಟು ಹೊಡೆದು ಕೊಡುವುದೂ ಉಂಟು. ಅಂಥದ್ದರ ಒಂದು ಚೂರು ಮುರಿದು ನೋಡಿ. ಒಳಗೆಲ್ಲ ಬರೀ ಸಿಮೆಂಟಿನ ಬೂದಿಬಣ್ಣ ಕಂಡರೆ ಕೊಳ್ಳಬೇಡಿ.

ಮುಖವೂ ಬಣ್ಣವೂ ಕಲ್ಲಿನವೇ ಆದರೆ ಬಿಟ್ಟದ್ದೇನು? ಭಾರ. ಒಂದು ಅಂಗುಲ ದಪ್ಪದ ಗ್ರಾನೈಟ್ ಚದರಡಿಗೆ ಆರು ಕಿಲೋಗೂ ಮಿಕ್ಕಿ ತೂಗುತ್ತದೆ. ಒರಟು ಮುಖ ಬೇಕೆಂದು ನಾಲ್ಕು ಅಂಗುಲದ ಸೀಳುಗಲ್ಲು ತಂದರೆ ಚದರಡಿಗೆ ಇಪ್ಪತ್ತೈದು ಕಿಲೋ. ಇಪ್ಪತ್ತಡಿ ಉದ್ದ ಹತ್ತಡಿ ಎತ್ತರದ ಒಂದೇ ಗೋಡೆಗೆ 5 ಟನ್. ಅಷ್ಟು ಭಾರಕ್ಕೆ ಪಾಯದಿಂದಲೇ ಕಟ್ಟೆ ಎಬ್ಬಿಸಬೇಕು. ಎರಕದ ಕಲ್ಲು ಅದೇ ದಪ್ಪದ ಗ್ರಾನೈಟಿಗಿಂತ ಬಹಳ ಹಗುರ. ಅಮೆರಿಕದ ಕಟ್ಟಡ ನಿಯಮಗಳು ಗೋಡೆಗೆ ಬರೀ ಗಾರೆಯಿಂದ ಅಂಟಿಸುವ ಹೊದಿಕೆಗೆ ಬಹುಕಾಲ ಚದರಡಿಗೆ 15 ಪೌಂಡಿನ, ಅಂದರೆ ಏಳು ಕಿಲೋಗೆ ತುಸು ಕಡಿಮೆಯ ಮಿತಿ ಇಟ್ಟಿದ್ದವು. ಎರಕದ ಕಲ್ಲು ಆ ಮಿತಿಯೊಳಗೆ ಕೂರುವಂತೆಯೇ ಬೆಳೆದು ಬಂತು. ಹಾಗಾಗಿ ಹತ್ತು ವರ್ಷದ ಹಿಂದೆ ಕಟ್ಟಿದ ಇಟ್ಟಿಗೆ ಮನೆಗೂ ಪಾಯ ಮುಟ್ಟದೆ ಇದನ್ನು ತೊಡಿಸಬಹುದು, ಮೊದಲ ಮಹಡಿಯ ಗೋಡೆಗೂ ಏರಿಸಬಹುದು.

ಭಾರ ಇಳಿಸುವ ಈ ಜಾಣ್ಮೆ ನಮ್ಮ ನಾಡಿಗೆ ಹೊಸದಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದ ಪೂರ್ವದ ಗೋಪುರವನ್ನು ನೆನೆಯಿರಿ. ಒಂಬತ್ತು ಅಂತಸ್ತು, ಸುಮಾರು 50 ಮೀಟರ್ ಎತ್ತರ. ಸುತ್ತ ನೋಡಿದಲ್ಲೆಲ್ಲ ಬಂಡೆಯೇ ಇರುವ ಊರು. ಕಲ್ಲಿನಲ್ಲಿ ರಥವನ್ನೇ ಕಡೆದ ಕೈಗಳು. ಆದರೂ ಗೋಪುರದ ಕೆಳಭಾಗ ಮಾತ್ರ ಕಲ್ಲು, ಮೇಲಿನದೆಲ್ಲ ಇಟ್ಟಿಗೆ ಮತ್ತು ಗಾರೆ. ಮೂರ್ತಿ, ಕಂಬ, ಗೂಡು, ತೋರಣ ಎಲ್ಲವೂ ಗಾರೆಯಲ್ಲಿ ರೂಪುಗೊಂಡವು. ಅಷ್ಟೆತ್ತರಕ್ಕೆ ಕಲ್ಲನ್ನೇ ಪೇರಿಸಿದರೆ ಕೆಳಗಿನ ಬಾಗಿಲವಾಡದ ಮೇಲೆ ಬೀಳುವ ಭಾರ ಎಷ್ಟೆಂದು ಕಟ್ಟಿದವರಿಗೆ ಗೊತ್ತಿತ್ತು. ಕಮಲ ಮಹಲಿನ ಕಮಾನುಗಳ ಅಂಚಿನಲ್ಲಿ ಇಂದಿಗೂ ಉಳಿದಿರುವ ಬಳ್ಳಿ, ಹಕ್ಕಿಗಳೂ ಗಾರೆಯವೇ. ಕಲ್ಲು ಬಲ್ಲವರು ಗಾರೆಯನ್ನು ಕೀಳೆಂದು ಎಣಿಸಲಿಲ್ಲ. ಎಲ್ಲಿ ಕಲ್ಲು, ಎಲ್ಲಿ ಗಾರೆ ಎಂಬುದನ್ನು ಭಾರ ನೋಡಿ ತೀರ್ಮಾನಿಸಿದರು.

ಬೇರೆ ನಾಡುಗಳಲ್ಲಿಯೂ ದೊಡ್ಡವರು ಈ ದಾರಿ ಹಿಡಿದಿದ್ದಾರೆ. ಹದಿನಾರನೆಯ ಶತಮಾನದ ಇಟಲಿಯ ಪಲ್ಲಾಡಿಯೊ ವಿಚೆಂಜಾದಲ್ಲಿ ಕಟ್ಟಿದ ಪಲಾಜೊ ತಿಯೆನೆಯ ಒರಟು ದಿಂಡುಗಲ್ಲುಗಳು ಇಟ್ಟಿಗೆಯ ಮೇಲೆ ಬಳಿದ ಗಾರೆ. ಯುರೋಪಿನ ವಾಸ್ತುಶಿಲ್ಪಕ್ಕೆ ಶತಮಾನಗಳ ಕಾಲ ಪಾಠ ಹೇಳಿದ ಕೈ ಅದು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಮೌಂಟ್ ವರ್ನನ್ ಮನೆಯನ್ನು ದೂರದಿಂದ ಕಂಡವರು ಬಿಳಿಯ ಚೌಕಗಲ್ಲಿನ ಕಟ್ಟಡ ಎಂದುಕೊಳ್ಳುತ್ತಾರೆ. ಅದು ಪೈನ್ ಮರದ ಹಲಗೆ. ಹಲಗೆಯ ಅಂಚುಗಳನ್ನು ಕಲ್ಲಿನ ಸಂದಿನಂತೆ ಓರೆಯಾಗಿ ಕೆತ್ತಿ, ಬಣ್ಣ ಹಸಿಯಿರುವಾಗಲೇ ಮೇಲೆ ಮರಳು ಎರಚಿದ್ದಾರೆ. ಮರಳಿನಿಂದ ಬಾಳಿಕೆಯೂ ಬರುತ್ತದೆ, ಕಲ್ಲಿನ ನೋಟವೂ ಬರುತ್ತದೆ ಎಂದು 1799ರಲ್ಲಿ ಅವರೇ ಪತ್ರದಲ್ಲಿ ವಿವರಿಸಿದ್ದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ತುದಿಯಲ್ಲಿ ನಿಂತಿರುವ 1837ರ ಸಿಂಹದ ಕಥೆ ಇನ್ನೂ ಸೊಗಸು. ಎಲೀನರ್ ಕೋಡ್ ಎಂಬ ಮಹಿಳೆ 1769ರಿಂದ ಲ್ಯಾಂಬೆತ್‌ನಲ್ಲಿ ನಡೆಸಿದ ಕಾರ್ಖಾನೆಯ ಕೃತಕ ಕಲ್ಲಿನಲ್ಲಿ, ಅವರ ನಂತರದವರು ಮಾಡಿದ ಸಿಂಹ ಅದು. ಜೇಡಿ, ಬೆಣಚು, ಮರಳು, ಗಾಜಿನ ಪುಡಿ ಕಲಸಿ ಅಚ್ಚೊತ್ತಿ ದಿನಗಟ್ಟಲೆ ಸುಟ್ಟದ್ದು. ಲಂಡನ್ನಿನ ಹೊಗೆಗೆ ಅದೆಷ್ಟೋ ಅಪ್ಪಟ ಕಲ್ಲುಗಳ ಮೂಗು ಮುಖ ಕರಗಿಹೋದವು. ಈ ಸಿಂಹದ ಕೇಸರ ಇನ್ನೂ ಚೂಪಾಗಿದೆ.

ಮನೆಯ ಗೋಡೆಗೆ ಮರಳೋಣ. ಎರಕದ ಕಲ್ಲಿನ ಗೋಡೆಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಮೂಲೆಗೆ. ತೆಳುವಾದ ಯಾವ ಹೊದಿಕೆಯೂ ಗುಟ್ಟು ಬಿಟ್ಟುಕೊಡುವುದು ಅಲ್ಲೇ. ಎರಡು ಬದಿಯ ಬಿಲ್ಲೆಗಳು ಬಂದು ಸೇರಿ, ಒಂದರ ಅಂಚು ಕಾಲಂಗುಲದ ಹಪ್ಪಳವಾಗಿ ಕಂಡಿತೋ, ಗೋಡೆ ಕಲ್ಲಿನದೆಂಬ ಭಾವವೇ ಕಳಚಿಬಿತ್ತು. ಎರಕದ ಕಲ್ಲಿಗೆ ಇಲ್ಲೊಂದು ವರವಿದೆ. ಮೂಲೆಗೆಂದೇ ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಬಿಲ್ಲೆಗಳನ್ನು ಎರೆಯುತ್ತಾರೆ, ಒಂದು ತೋಳು ಉದ್ದ, ಒಂದು ಗಿಡ್ಡ. ಒಂದು ಸಾಲಿನಲ್ಲಿ ಉದ್ದ ತೋಳು ಬಲಕ್ಕೆ, ಮುಂದಿನದರಲ್ಲಿ ಎಡಕ್ಕೆ. ಹೀಗೆ ಏರಿದ ಮೂಲೆಯಲ್ಲಿ ಪ್ರತಿ ಕಲ್ಲೂ ಒಂದು ಮುಖದಿಂದ ಇನ್ನೊಂದಕ್ಕೆ ತಿರುಗಿ ಹೋಗುತ್ತದೆ, ನೋಡುವವರಿಗೆ ಒಂದಡಿ ದಪ್ಪದ ಗೋಡೆಯ ಗಾಂಭೀರ್ಯ ಕಾಣುತ್ತದೆ. ನಿಜವಾದ ಕಲ್ಲನ್ನು ತೆಳುವಾಗಿ ಸೀಳಿ ಹೀಗೆ ಮೂಲೆ ತಿರುಗಿಸುವುದು ದುಬಾರಿ ಕೆಲಸ. ಮೂಲೆ ಒಪ್ಪಿದರೆ ಗೋಡೆ ಒಪ್ಪಿತು.

ಆಮೇಲೆ ಮೇಸ್ತ್ರಿಯ ಕೈ. ಅಚ್ಚಿನಿಂದ ಬಂದದ್ದು ಎಂದ ಮೇಲೆ ಒಂದೇ ಮುಖ ಮತ್ತೆ ಮತ್ತೆ ಬರುವುದು ಸಹಜ. ಅದನ್ನು ಬಲ್ಲ ಮೇಸ್ತ್ರಿ ಒಂದೇ ಪೆಟ್ಟಿಗೆಯನ್ನು ಬಿಚ್ಚಿ ಅಂಟಿಸುತ್ತ ಹೋಗುವುದಿಲ್ಲ. ನಾಲ್ಕೈದು ಪೆಟ್ಟಿಗೆ ಬಿಚ್ಚಿ ನೆಲದ ಮೇಲೆ ಹರವುತ್ತಾನೆ. ದಪ್ಪದ ಪಕ್ಕ ತೆಳುವು, ಉದ್ದದ ಪಕ್ಕ ಗಿಡ್ಡ, ಕಡುಬಣ್ಣದ ಪಕ್ಕ ತಿಳಿ. ಒಂದೇ ಅಚ್ಚಿನ ಎರಡು ಬಿಲ್ಲೆ ಹತ್ತಿರ ಬಂದರೆ ಒಂದನ್ನು ತಲೆಕೆಳಗು ಮಾಡುತ್ತಾನೆ. ಬೆಳಕು ಬೇರೆಯಾಗಿ ಬಿದ್ದು ಅದು ಬೇರೆಯದೇ ಕಲ್ಲಾಗುತ್ತದೆ. ಕೆಲಸ ಮೂಲೆಯಿಂದ ಶುರುವಾಗಿ ನಡುವಿಗೆ ಬರುತ್ತದೆ. ಸಾಲು ನೇರ ಹೋಗಲು ರಸಮಟ್ಟ, ನಿಲುವು ಕಾಯಲು ತೂಗುಗುಂಡು. ಮೇಲಿನಿಂದ ಕೆಳಗಿನವರೆಗೆ ಒಂದೇ ನೇರದಲ್ಲಿ ಸಂದು ಬೀಳಬಾರದು. ನಾಲ್ಕು ಕಲ್ಲಿನ ಮೂಲೆಗಳು ಒಂದೆಡೆ ಸೇರಬಾರದು. ಬಿಲ್ಲೆಯ ಬೆನ್ನಿಗೆ ಕರಣೆಯಿಂದ ಗಾರೆ ಪೂರ್ತಿ ಬಳಿದು, ಗೋಡೆಗೆ ಒತ್ತಿ, ಸ್ವಲ್ಪ ಅಲುಗಿಸಿ ಕೂರಿಸುತ್ತಾನೆ. ಅಂಚಿನಿಂದ ಗಾರೆ ಉಕ್ಕಿದರೆ ಹಿಡಿತ ಸಿಕ್ಕಿತೆಂದು ಅರ್ಥ. ಸಂದು ತುಂಬುವವನಿಗೆ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಗಾರೆ ಹಸಿಯಿರುವಾಗ ಉಜ್ಜಿದರೆ ಕಲ್ಲಿನ ಮುಖಕ್ಕೆಲ್ಲ ಮೆತ್ತಿಕೊಳ್ಳುತ್ತದೆ, ತೀರಾ ಒಣಗಿದರೆ ಕೆರೆಯಲಾಗುವುದಿಲ್ಲ. ಹೆಬ್ಬೆರಳು ಒತ್ತಿದರೆ ಗುರುತು ಮಾತ್ರ ಬೀಳುವ ಹದಕ್ಕೆ ಕಾದು ತೀಡಬೇಕು. ಸಂದನ್ನು ಎಷ್ಟು ಒಳಕ್ಕೆ ತೀಡಿದರೆ ನೆರಳು ಅಷ್ಟು ಆಳ.

ಉಳಿದ ಅನುಕೂಲಗಳನ್ನು ಬೇಗ ಹೇಳಿಬಿಡಬಹುದು. ಕತ್ತರಿಸುವುದು ಸುಲಭ, ಒಬ್ಬನೇ ಎತ್ತಿ ಸಾರುವೆಯ ಮೇಲೆ ನಿಂತು ಕೂರಿಸಬಹುದು, ಕೆಲಸ ಬೇಗ ಮುಗಿಯುತ್ತದೆ, ಸಾಗಣೆಯ ಖರ್ಚು ಕಡಿಮೆ. ಕೆಲವು ವರ್ಷಕ್ಕೊಮ್ಮೆ ಬಣ್ಣ ಹೊಡೆಸುವ ಗೋಜಿಲ್ಲ. ಧೂಳು ಹಿಡಿದರೆ ನೀರು ಮತ್ತು ಮೆದು ನೈಲಾನ್ ಕುಂಚ ಸಾಕು. ಆಸಿಡ್ ಮುಟ್ಟಿಸಬಾರದು, ತಂತಿಯ ಕುಂಚ ಬೇಡ, ಜೋರು ಒತ್ತಡದ ನೀರಿನ ಯಂತ್ರವೂ ಬೇಡ. ಬೆಟ್ಟ ಅಷ್ಟರಮಟ್ಟಿಗೆ ಉಳಿಯುತ್ತದೆಂಬುದೂ ನಿಜ. ಸಿಮೆಂಟು ಸುಡಲು ಉರಿದ ಇಂಧನವನ್ನೂ ಸುಣ್ಣಕಲ್ಲು ಬಿಟ್ಟ ಇಂಗಾಲದ ಅನಿಲವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಆ ಮಾತು ಆಡಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಈ ಹೊದಿಕೆ ಗೋಡೆಗೆ ಅಲಂಕಾರ, ಛತ್ರಿ ಅಲ್ಲ. ಅದರೊಳಕ್ಕೆ ನೀರು ಇಳಿಯುತ್ತದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1937ರಲ್ಲಿ ಪೇಟೆಂಟ್ ಪಡೆದ ಫಾರ್ಮ್‌ಸ್ಟೋನ್ ಎಂಬ ಸಿಮೆಂಟಿನ ಕಲ್ಲಿನ ಹೊದಿಕೆ ಸಾಲುಮನೆಗಳ ಬೀದಿಬೀದಿಗಳನ್ನೇ ಆವರಿಸಿತು. ಕಾರ್ಮಿಕರ ಚಿಕ್ಕ ಇಟ್ಟಿಗೆ ಮನೆಗಳು ಪುಟ್ಟ ಕೋಟೆಗಳಾದವು. ಆ ಸಂತೋಷ ನಿಜವಾದದ್ದು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಎಷ್ಟೋ ಕಡೆ ಹೊದಿಕೆಯ ಹಿಂದೆ ನೀರು ಸಿಕ್ಕಿಕೊಂಡು ಹಳೆಯ ಇಟ್ಟಿಗೆ ಕೆಟ್ಟಿತು. ಹಾಗಾಗಿ ನಮ್ಮಲ್ಲಿಯೂ ಗೋಡೆಯ ಗಿಲಾವು ಮೊದಲು ಬಿರುಕಿಲ್ಲದೆ ಗಟ್ಟಿಯಾಗಿರಬೇಕು, ಹಳೆಯ ಪೇಂಟನ್ನು ಕೆರೆದು ತೆಗೆದು ಮೈ ಒರಟು ಮಾಡಿರಬೇಕು, ಮೇಲಂಚಿಗೆ ಸಜ್ಜಾ ಅಥವಾ ನೀರು ತೊಟ್ಟಿಕ್ಕುವ ಮುಚ್ಚುಗಲ್ಲು ಇರಬೇಕು. ಕೆಳಗೆ ಮಣ್ಣಿನಿಂದ ನಾಲ್ಕು ಅಂಗುಲ, ಕಾಂಕ್ರೀಟು ನೆಲವಾದರೆ ಎರಡು ಅಂಗುಲ ಬಿಟ್ಟು ಶುರುಮಾಡಬೇಕು. ಇಲ್ಲದಿದ್ದರೆ ನೆಲದ ತೇವ ಏರಿ ಬಿಳಿಯ ಉಪ್ಪು ಒಡೆಯುತ್ತದೆ. ಆಗುಂಬೆಯ ಕಡೆಯ ಮಳೆಗೆ ಒಡ್ಡಿದ ಪಡುಗೋಡೆಗೆ ನಾನಂತೂ ಇದನ್ನು ಹಾಕಿ ಎನ್ನಲಾರೆ.

ಯಾವ ಕಲ್ಲಿನ ರೂಪ ಒಪ್ಪುತ್ತದೆ ಎಂಬುದರಲ್ಲೂ ನನ್ನದೊಂದು ಹಟವಿದೆ. ಇಳಕಲ್ಲಿನ ಕೆಂಪು ಗ್ರಾನೈಟಿನ ಹರಳು, ಸಾದರಹಳ್ಳಿಯ ಬೂದುಗಲ್ಲಿನ ಒಳಗಿನಿಂದ ಹೊಮ್ಮುವ ಅಭ್ರಕದ ಮಿನುಗು, ಚಾಮರಾಜನಗರದ ಕರಿಕಲ್ಲಿನ ಹೊಳಪು, ಇವು ಅಚ್ಚಿಗೆ ದಕ್ಕುವುದಿಲ್ಲ. ಅಚ್ಚು ಹಿಡಿಯುವುದು ಆಕಾರವನ್ನು, ಹರಳಿನ ಬೆಳಕನ್ನಲ್ಲ. ಪದರಪದರದ ಮರಳುಗಲ್ಲು, ಸೀಳಿದ ಸುಣ್ಣಕಲ್ಲು, ತೂತುತೂತಾದ ಮುರಕಲ್ಲು, ಹೊಳೆಯಲ್ಲಿ ಉರುಳಿದ ಗುಂಡುಗಲ್ಲು, ಇವುಗಳ ಚೆಲುವೆಲ್ಲ ಏರುತಗ್ಗಿನಲ್ಲಿದೆ. ಇವನ್ನು ಎರಕ ಚೆನ್ನಾಗಿ ಹೇಳುತ್ತದೆ. ಬಾದಾಮಿಯ ಕೆಂಪನ್ನು ಆರಿಸಿಕೊಂಡವರನ್ನು ನಾನು ಮೆಚ್ಚುತ್ತೇನೆ. ಗ್ರಾನೈಟೇ ಬೇಕೆನ್ನುವವರು ಗ್ರಾನೈಟನ್ನೇ ತರಲಿ, ಎರಡು ಚಪ್ಪಡಿಯಾದರೂ ಸರಿ.

ಎಲ್ಲಿ ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿ ಅರ್ಧ ರುಚಿ ಅಡಗಿದೆ. ಮನೆಯೆಲ್ಲ ಕಲ್ಲಾದರೆ ಕಣ್ಣಿಗೆ ಬಿಡುವಿಲ್ಲ. ಒಂದು ಗೋಡೆ, ಪೋರ್ಟಿಕೊದ ಕಂಬಗಳು, ಇಲ್ಲವೇ ಕಿಟಕಿಯ ಹಲಗೆಯ ಮಟ್ಟದವರೆಗಿನ ಕೆಳಭಾಗ ಸಾಕು. ಪಕ್ಕದ ಗೋಡೆ ನುಣುಪಾಗಿ ತಿಳಿಬಣ್ಣದಲ್ಲಿದ್ದರೆ ಒರಟು ಇನ್ನೂ ಒರಟಾಗಿ ಮಾತಾಡುತ್ತದೆ. ಹೊದಿಕೆಯನ್ನು ಹೊರಮೂಲೆಯಲ್ಲಿ ತಟ್ಟನೆ ನಿಲ್ಲಿಸಬೇಡಿ. ಮೂಲೆ ತಿರುಗಿಸಿ ಒಳಮೂಲೆಯವರೆಗೆ ಒಯ್ದು ಅಲ್ಲಿ ಮುಗಿಸಿ. ಕಿಟಕಿ ಬಾಗಿಲುಗಳ ತಲೆಯ ಮೇಲೆ ಒಂದು ಉದ್ದ ಬಿಲ್ಲೆಯನ್ನು ತೊಲೆಯಂತೆ ಇಡಿಸಿ, ಇಲ್ಲವೇ ಕಮಾನಿನಂತೆ ಜೋಡಿಸಿ. ಕಲ್ಲಿನ ಸಾಲು ಕೆಳಗೇನೂ ಆಧಾರವಿಲ್ಲದೆ ಗಾಳಿಯಲ್ಲಿ ತೂಗುತ್ತಿದ್ದರೆ, ಏನು ತಪ್ಪೆಂದು ತಿಳಿಯದವರ ಕಣ್ಣಿಗೂ ಏನೋ ಇರಿಸುಮುರಿಸು. ಭಾರ ಹೊತ್ತಂತೆ ಕಾಣುವುದು ಕಲ್ಲಿನ ಧರ್ಮ; ಹಗುರವಾದರೂ ಆ ಧರ್ಮವನ್ನು ಅದು ಪಾಲಿಸಲೇಬೇಕು. ರಾತ್ರಿಗೆ ದೀಪ ಹಾಕುವವರು ದೂರದಿಂದ ಗೋಡೆಗೆ ಬೆಳಕು ಚೆಲ್ಲದೆ, ಗೋಡೆಗೆ ಗೇಣುದ್ದದ ಹತ್ತಿರದಲ್ಲಿ ನೆಲದಿಂದ ಮೇಲಕ್ಕೆ ಹಾಯಿಸಿದರೆ ಹಗಲಿನ ನೆರಳುಗಳೆಲ್ಲ ತಲೆಕೆಳಗಾಗಿ ಎದ್ದು ಅದೇ ಗೋಡೆ ಹೊಸದಾಗುತ್ತದೆ.

ಮನೆ ಕಟ್ಟಿಸುತ್ತಿರುವವರಲ್ಲಿ ಒಂದೇ ಕೋರಿಕೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಒಂದು ಬಿಲ್ಲೆ ಹಿಡಿದು ತೀರ್ಮಾನ ಮಾಡಬೇಡಿ. ಒಂದು ಪೆಟ್ಟಿಗೆ ಮಾತ್ರ ಮೊದಲು ತರಿಸಿ, ಮೂಲೆಯ ಎರಡು ಬಿಲ್ಲೆಗಳನ್ನೂ ಸೇರಿಸಿ, ಕಟ್ಟಬೇಕಾದ ಗೋಡೆಯ ಬುಡದಲ್ಲೇ ಒಂದು ಹಲಗೆಯ ಮೇಲೆ ಜೋಡಿಸಿ ನಿಲ್ಲಿಸಿ. ಬೆಳಗ್ಗೆ, ನಡುಹಗಲು, ಸಂಜೆ ಮೂರು ಹೊತ್ತೂ ನೋಡಿ. ನೀರು ಚಿಮುಕಿಸಿ ಒದ್ದೆಯಾದಾಗಲೂ ನೋಡಿ. ಮೂರು ಹೊತ್ತೂ ಕಣ್ಣಿಗೆ ಹಿಡಿಸಿದರೆ ಆಗ ಉಳಿದ ಪೆಟ್ಟಿಗೆಗಳಿಗೆ ಹೇಳಿ, ಮತ್ತು ಎಲ್ಲವನ್ನೂ ಒಂದೇ ಎರಕದ ಸರದಿಯಿಂದ ತರಿಸಿಕೊಳ್ಳಿ.